ಸೋಡಾ ಅಂಗಡಿಯಲ್ಲಿ ಹುಟ್ಟಿದ ಮೊಕದ್ದಮೆ

ಆ ಮೊಕದ್ದಮೆ ಹುಟ್ಟಿದ್ದು ಕೋರ್ಟಿನಲ್ಲಲ್ಲ, ಒಂದು ಔಷಧಿ ಅಂಗಡಿಯಲ್ಲಿ. 1925ರ ಮೇ ತಿಂಗಳ ಮೊದಲ ವಾರ, ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರು, ರಾಬಿನ್ಸನ್ ಅನ್ನುವವನ ಅಂಗಡಿ. ಆ ಕಾಲದ ಅಮೆರಿಕದಲ್ಲಿ ಔಷಧಿ ಅಂಗಡಿ ಅಂದರೆ ಬರೀ ಮಾತ್ರೆ, ಟಾನಿಕ್ಕು ಮಾರುವ ಜಾಗವಲ್ಲ. ಸೋಡಾ, ಐಸ್‌ಕ್ರೀಮು, ಶಾಲೆ ಮಕ್ಕಳ ಪಠ್ಯಪುಸ್ತಕ, ದೊಡ್ಡವರ ಹರಟೆ, ಎಲ್ಲಕ್ಕೂ ಅದೇ ಠಾವು. ಅಲ್ಲೊಂದು ಸಣ್ಣ ಮೇಜಿನ ಸುತ್ತ ಊರಿನ ನಾಲ್ಕೈದು ಮುಖ್ಯಸ್ಥರು ಕೂತಿದ್ದರು. ಪೇಪರಿನಲ್ಲಿ ಬಂದ ಒಂದು ಜಾಹೀರಾತು ಅವರ ಕೈಯಲ್ಲಿತ್ತು.

ಚಟ್ಟನೂಗದಲ್ಲಿರುವ ಅಕ್ಕನ ಮನೆ ಹಿತ್ತಲಲ್ಲಿ, ಅಕ್ಟೋಬರಿನ ಚಳಿಗೆ ಭಾವ ಬೆಂಕಿ ಹಾಕಿದ್ದ ಹೊತ್ತಿನಲ್ಲಿ, ನಾನು ಈ ಕಥೆಯನ್ನು ಹೀಗೇ ಶುರುಮಾಡಿದ್ದೆ. ಅವತ್ತು ಬೆಳಿಗ್ಗೆ ಎಲ್ಲರೂ ಕಾರಿನಲ್ಲಿ ಡೇಟನ್ನಿಗೆ ಹೋಗಿಬಂದಿದ್ದೆವು. ಸುಮಾರು 40 ಮೈಲಿ ದೂರ, ಎಡಕ್ಕೆ ಉದ್ದಕ್ಕೂ ಬೆಟ್ಟದ ಸಾಲು. ಅಕ್ಕನ ಮಗಳು ಹೈಸ್ಕೂಲಿನವಳು, ಈ ಪ್ರಕರಣದ ಮೇಲಿನ ಸಿನಿಮಾವನ್ನು ಕ್ಲಾಸಿನಲ್ಲೇ ತೋರಿಸಿದ್ದರಂತೆ. ಹಾಗಾಗಿ ನನಗಿಂತ ಅವಳಿಗೇ ಹೆಚ್ಚು ಗೊತ್ತು ಅನ್ನುವ ಠೀವಿ. ಅವಳ ತಮ್ಮನಿಗೆ ಕೋತಿಯ ಕಥೆ ಮಾತ್ರ ಬೇಕಾಗಿತ್ತು.

“ಕೋತಿ ಯಾವಾಗ ಬರತ್ತೆ ಮಾಮ?”

“ಬರತ್ತೆ ಇರೋ.”

ಮೊದಲು ಊರಿನ ವಿಷಯ ಹೇಳಬೇಕು. ಅಲ್ಲಿನ ಸಂಕಟ ತಿಳಿಯದಿದ್ದರೆ ಮೊಕದ್ದಮೆ ತಿಳಿಯುವುದಿಲ್ಲ. ಡೇಟನ್ ಇರುವುದು ರೇ ಕೌಂಟಿಯಲ್ಲಿ. ಕೌಂಟಿಯ ಕಚೇರಿ, ಕೋರ್ಟು, ದಾಖಲೆಪತ್ರ ಎಲ್ಲ ಇರುವ ಊರು ಅದು, ನಮ್ಮ ಕಡೆಯ ತಾಲ್ಲೂಕು ಕೇಂದ್ರವಿದ್ದಂತೆ. ಮೊದಲು ಅದರ ಹೆಸರು ಸ್ಮಿತ್ಸ್ ಕ್ರಾಸ್‌ರೋಡ್ಸ್. ಅಂದರೆ ಸ್ಮಿತ್ತನ ಅಂಗಡಿ ಇದ್ದ ಕೂಡುರಸ್ತೆ, ಅಷ್ಟೇ. ಕೌಂಟಿಯ ಕಚೇರಿಗಳಿದ್ದದ್ದು ಟೆನೆಸಿ ನದಿಯ ಪಕ್ಕದ ವಾಷಿಂಗ್ಟನ್ ಎಂಬ ಇನ್ನೊಂದು ಊರಿನಲ್ಲಿ. ಸಿನ್ಸಿನಾಟಿಯಿಂದ ದಕ್ಷಿಣಕ್ಕೆ ಬಂದ ರೈಲು ಆ ಊರನ್ನು ಬಿಟ್ಟು ಡೇಟನ್ನಿನ ಮೇಲೆ ಹಾದುಹೋಯಿತು. ಬೆಟ್ಟದಲ್ಲಿ ಕಲ್ಲಿದ್ದಲು, ಕಬ್ಬಿಣದ ಅದಿರು ಸಿಕ್ಕಿತು. ಬ್ರಿಟನ್ನಿನ ಬಂಡವಾಳಗಾರರು ಬಂದು ಡೇಟನ್ ಕೋಲ್ ಅಂಡ್ ಐರನ್ ಕಂಪನಿ ಕಟ್ಟಿದರು, ಕುಲುಮೆಗಳು ಉರಿದವು. ರೈಲು ಬಂದ ಕಡೆಗೆ ಸರ್ಕಾರಿ ಕಚೇರಿಯೂ ಬಂತು. 1890ರಲ್ಲಿ ಡೇಟನ್ ಕೌಂಟಿ ಕೇಂದ್ರವಾಯಿತು, ಮರುವರ್ಷವೇ ಈಗಿನ ಇಟ್ಟಿಗೆಯ ಕೋರ್ಟು ಕಟ್ಟಡ ಎದ್ದು ನಿಂತಿತು. ಹಳೆಯ ವಾಷಿಂಗ್ಟನ್ನಿನಲ್ಲಿ ಈಗ ಊರು ಅನ್ನಬಹುದಾದದ್ದು ಏನೂ ಉಳಿದಿಲ್ಲ.

ಒಂದಷ್ಟು ಕಾಲ ಮೆರೆದು, 1913ರಲ್ಲಿ ಕಂಪನಿ ದಿವಾಳಿಯಾಯಿತು. ಕುಲುಮೆ ಆರಿತು. ಜನ ಗಂಟುಮೂಟೆ ಕಟ್ಟಿದರು. 1925ರ ಹೊತ್ತಿಗೆ ಊರಲ್ಲಿ ಉಳಿದವರು ಸುಮಾರು 1,800 ಮಂದಿ. ಸ್ಟ್ರಾಬೆರಿ ಬೆಳೆಯುವ ರೈತರು, ಅವರನ್ನೇ ನಂಬಿಕೊಂಡ ಅಂಗಡಿಯವರು, ಮತ್ತು ಊರಿಗೆ ದೊಡ್ಡದಾದ ಒಂದು ಕೋರ್ಟು. ಬೆಟ್ಟದ ಕಣಿವೆಯಲ್ಲಿ ಜಲಪಾತ ನೋಡಲು ಹೋಗುವ ಕಾಲುಹಾದಿಯ ಪಕ್ಕ ಆ ಹಳೆಯ ಗಣಿಯ ಅವಶೇಷಗಳು ಈಗಲೂ ಕಾಣುತ್ತವೆ, ಮೈಮೇಲೆ ಪಾಚಿ ಹೊದ್ದು.

ಇದಕ್ಕೂ ಹಿಂದಿನ ಒಂದು ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಮೊಕದ್ದಮೆಗೆ ಸಂಬಂಧವಿಲ್ಲದಿದ್ದರೂ. ಅಂತರ್ಯುದ್ಧದ ಕಾಲದಲ್ಲಿ ಈ ಕೌಂಟಿಯ ಹುಡುಗಿಯರು ತಮ್ಮದೇ ಒಂದು ಕುದುರೆ ಪಡೆ ಕಟ್ಟಿಕೊಂಡಿದ್ದರು. ದಕ್ಷಿಣದ ಸೈನ್ಯದಲ್ಲಿದ್ದ ಅಣ್ಣತಮ್ಮಂದಿರಿಗೆ ಊಟ, ಬಟ್ಟೆ ಮುಟ್ಟಿಸುವುದು ಅವರ ಕೆಲಸ. ಯುದ್ಧ ಮುಗಿಯುತ್ತ ಬಂದಿದ್ದ 1865ರ ಏಪ್ರಿಲಿನಲ್ಲಿ ಉತ್ತರದ ಸೈನ್ಯದ ಅಧಿಕಾರಿಯೊಬ್ಬ ಅವರನ್ನು ಹಿಡಿದು, ರಾತ್ರಿಯಲ್ಲಿ ನಡೆಸಿಕೊಂಡು ಹೋಗಿ, ದೋಣಿಗೆ ಹತ್ತಿಸಿ ಚಟ್ಟನೂಗಕ್ಕೆ ಸಾಗಿಸಿದ. ಆ ದೋಣಿಯ ಹೆಸರೇ ‘ಕೋಳಿಕಳ್ಳ’. ಅಲ್ಲಿನ ಜನರಲ್ ಈ ಹುಡುಗಿಯರನ್ನು ನೋಡಿ, ಹಿಡಿದು ತಂದ ಅಧಿಕಾರಿಗೇ ಬೈದು, ಇವರಿಂದ ನಿಷ್ಠೆಯ ಪ್ರಮಾಣ ಮಾಡಿಸಿಕೊಂಡು ಮನೆಗೆ ಕಳಿಸಿದ. ಅಕ್ಕನ ಮಗಳು ಮೊಬೈಲು ಪಕ್ಕಕ್ಕಿಟ್ಟದ್ದು ಇಲ್ಲಿ.

ಮತ್ತೆ ಅಂಗಡಿಗೆ ಬರೋಣ. 1925ರ ಮಾರ್ಚಿನಲ್ಲಿ ಟೆನೆಸಿಯ ರಾಜ್ಯಪಾಲರು ಒಂದು ಕಾಯ್ದೆಗೆ ಸಹಿ ಹಾಕಿದ್ದರು. ಜಾನ್ ಬಟ್ಲರ್ ಎಂಬ ರೈತ ಶಾಸಕ ತಂದ ಮಸೂದೆ. ದೇವರು ಮನುಷ್ಯನನ್ನು ಸೃಷ್ಟಿಸಿದ ಎಂದು ಬೈಬಲ್ ಹೇಳುವುದನ್ನು ಅಲ್ಲಗಳೆಯುವಂಥದ್ದನ್ನು, ಮನುಷ್ಯ ಕೀಳು ಪ್ರಾಣಿಗಳಿಂದ ಬಂದ ಎನ್ನುವುದನ್ನು ಸರ್ಕಾರಿ ಶಾಲೆಯಲ್ಲಿ ಕಲಿಸಿದರೆ 100ರಿಂದ 500 ಡಾಲರ್ ದಂಡ. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ, ‘ಈ ಕಾಯ್ದೆಯನ್ನು ಕೋರ್ಟಿನಲ್ಲಿ ಪರೀಕ್ಷಿಸಲು ಒಬ್ಬ ಮೇಷ್ಟ್ರು ಬೇಕು, ಖರ್ಚು ನಮ್ಮದು’ ಎಂಬರ್ಥದ ಜಾಹೀರಾತು ಕೊಟ್ಟಿತು. ಅದನ್ನು ಓದಿ ಹುಮ್ಮಸ್ಸಿನಿಂದ ಅಂಗಡಿಗೆ ಬಂದವನು ಜಾರ್ಜ್ ರ್‍ಯಾಪಲ್ಯೇ. ನ್ಯೂಯಾರ್ಕ್ ಮೂಲದ ಎಂಜಿನಿಯರು, ಅಳಿದುಳಿದ ಗಣಿಯ ಆಸ್ತಿ ನೋಡಿಕೊಳ್ಳುತ್ತಿದ್ದವನು. ಅವನಿಗೆ ಆ ಕಾಯ್ದೆ ನಿಜವಾಗಿಯೂ ಹಿಡಿಸಿರಲಿಲ್ಲ. ಅಲ್ಲಿದ್ದ ಮಿಕ್ಕವರಲ್ಲಿ ಕೆಲವರಿಗೆ ಕಾಯ್ದೆ ಸರಿಯಾಗಿಯೇ ಕಂಡಿತ್ತು. ಆದರೆ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ಮಾತು: ಮೊಕದ್ದಮೆ ಎಲ್ಲಾದರೂ ನಡೆಯುವುದಾದರೆ ನಮ್ಮೂರಲ್ಲೇ ಯಾಕೆ ನಡೆಯಬಾರದು? ದೇಶದ ಪೇಪರುಗಳಲ್ಲೆಲ್ಲ ಹೆಸರು ಬರುತ್ತದೆ, ಜನ ಬರುತ್ತಾರೆ, ಹೋಟೆಲು ತುಂಬುತ್ತದೆ, ಯಾರಾದರೂ ಪುಣ್ಯಾತ್ಮ ಕಾರ್ಖಾನೆಯನ್ನೂ ಹಾಕಬಹುದು.

ಮೇಷ್ಟ್ರು ಬೇಕಲ್ಲ? ಜಾನ್ ಸ್ಕೋಪ್ಸ್ ಎಂಬ 24ರ ಹುಡುಗನಿಗೆ ಹೇಳಿಕಳಿಸಿದರು. ಆತ ಶಾಲೆಯ ಮೈದಾನದಲ್ಲಿ ಟೆನಿಸ್ ಆಡುತ್ತಿದ್ದ, ಬೆವರು ಒರೆಸಿಕೊಳ್ಳುತ್ತ ಬಂದ. ಫುಟ್‌ಬಾಲ್ ಕೋಚು, ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಜೀವಶಾಸ್ತ್ರ ಅವನ ವಿಷಯವೇ ಅಲ್ಲ, ಆ ಪಾಠ ಮಾಡುವವರು ಕಾಯಿಲೆ ಬಿದ್ದಾಗ ಬದಲಿಗೆ ಹೋಗಿದ್ದ, ಅಷ್ಟೇ. ಅಂಗಡಿಯ ಕಪಾಟಿನಿಂದಲೇ ಪಠ್ಯಪುಸ್ತಕ ತೆಗೆದರು. ಹಂಟರ್ ಎಂಬಾತ ಬರೆದ ‘ಎ ಸಿವಿಕ್ ಬಯಾಲಜಿ’. ರಾಜ್ಯ ಸರ್ಕಾರವೇ ಮಂಜೂರು ಮಾಡಿದ್ದ ಪುಸ್ತಕ, ಅದರಲ್ಲಿ ವಿಕಾಸವಾದವೂ ಇತ್ತು. ಅಂದರೆ ಸರ್ಕಾರ ಒಂದು ಕೈಯಲ್ಲಿ ಪುಸ್ತಕ ಕೊಟ್ಟು ಇನ್ನೊಂದು ಕೈಯಲ್ಲಿ ದಂಡ ಹಾಕುವ ಕಾಯ್ದೆ ಮಾಡಿತ್ತು. ಆ ಪುಸ್ತಕ ಮಾರುತ್ತಿದ್ದವನು ರಾಬಿನ್ಸನ್, ಕೌಂಟಿಯ ಶಾಲಾ ಮಂಡಳಿಯ ಅಧ್ಯಕ್ಷನೂ ಅವನೇ! ಇದನ್ನು ಪಾಠ ಮಾಡಿದ್ದೀಯಾ ಎಂದು ಕೇಳಿದರು. ಈ ಪುಸ್ತಕ ಇಟ್ಟುಕೊಂಡು ವಿಕಾಸವಾದ ಬಿಟ್ಟು ಪಾಠ ಮಾಡುವುದು ಹೇಗೆ ಅಂದ ಸ್ಕೋಪ್ಸ್. ನಿನ್ನ ಮೇಲೆ ಕೇಸು ಹಾಕಬಹುದೇ ಅಂದರು. ಆಗಲಿ ಅಂದ. ಅಲ್ಲೇ ವಾರಂಟು ತಯಾರಾಯಿತು. ರಾಬಿನ್ಸನ್ ಪೇಪರಿನವರಿಗೆ ಫೋನು ಹಚ್ಚಿದ. ಆರೋಪಿಯು ಕೊಟ್ಟ ಪಾನಕ ಕುಡಿದು ಮುಗಿಸಿ ವಾಪಸು ಟೆನಿಸ್ ಆಡಲು ಹೋದ.

“ಜೈಲಿಗೆ ಹಾಕಿದ್ರಲ್ವಾ? ಸಿನಿಮಾದಲ್ಲಿ ಕಂಬಿ ಹಿಂದೆ ಇರ್ತಾನೆ,” ಅಂದಳು ಹುಡುಗಿ.

ಒಂದು ದಿನವೂ ಇಲ್ಲ. ಸಿನಿಮಾದ ತೊಂದರೆಯೇ ಅದು. ‘ಇನ್‌ಹೆರಿಟ್ ದ ವಿಂಡ್’ ನಾಟಕ 1955ರದು, ಸಿನಿಮಾ 1960ರದು. ಬರೆದ ಲಾರೆನ್ಸ್ ಮತ್ತು ಲೀ ಅವರ ಕಣ್ಣು ಇದ್ದದ್ದು ತಮ್ಮ ಕಾಲದ ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆಯ ಮೇಲೆ, ಡೇಟನ್ ಅವರಿಗೊಂದು ನೆಪ. ಊರಿನ ಹೆಸರು, ಜನರ ಹೆಸರು ಎಲ್ಲ ಬದಲಿಸಿದರು. ಮೇಷ್ಟ್ರ ರಕ್ತಕ್ಕೆ ಬಾಯಿಬಿಡುವ ಜನರ ಗುಂಪನ್ನು ಸೇರಿಸಿದರು. ಆದರೆ ನೋಡಿದವರೆಲ್ಲ ಅದನ್ನೇ ಡೇಟನ್ ಅಂದುಕೊಂಡರು. ನಿಜವಾದ ಡೇಟನ್ನಿನಲ್ಲಿ ಆರೋಪಿ ಊರೆಲ್ಲ ಆರಾಮಾಗಿ ತಿರುಗಾಡಿಕೊಂಡಿದ್ದ. ಜನಕ್ಕೆ ಅವನ ಮೇಲೆ ಸಿಟ್ಟಿರಲಿಲ್ಲ, ಎಷ್ಟಾದರೂ ತಮ್ಮ ಫುಟ್‌ಬಾಲ್ ತಂಡದ ಕೋಚು. ನನಗಂತೂ ಜೈಲಿನ ಕಥೆಗಿಂತ ಈ ಸೋಡಾದ ಕಥೆಯೇ ಹೆಚ್ಚು ಭಯಂಕರ ಅನ್ನಿಸುತ್ತದೆ. ವ್ಯಾಪಾರಕ್ಕೆಂದು ಹಚ್ಚಿದ ಕಿಡಿ ಯಾರ ಕೈಗೂ ಸಿಗದೆ ಹೋಯಿತಲ್ಲ.

ಹೇಗೆಂದರೆ, ಸರ್ಕಾರದ ಪರ ವಾದಿಸಲು ನಾನು ಬರುತ್ತೇನೆ ಅಂದವನು ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೂರು ಸಲ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತು ಸೋತವನು, ವಿಲ್ಸನ್ ಸರ್ಕಾರದಲ್ಲಿ ವಿದೇಶಾಂಗ ಮಂತ್ರಿಯಾಗಿದ್ದವನು, ಆ ಕಾಲದ ಮಹಾ ವಾಗ್ಮಿ. ಅವನು ಬರುತ್ತಾನೆ ಎಂದ ಕೂಡಲೇ ಇತ್ತ ಸ್ಕೋಪ್ಸ್ ಪರ ನಿಂತವನು ಕ್ಲಾರೆನ್ಸ್ ಡ್ಯಾರೋ, ದೇಶದ ಅತಿ ದೊಡ್ಡ ಕ್ರಿಮಿನಲ್ ವಕೀಲ, ದೇವರಿದ್ದಾನೋ ಇಲ್ಲವೋ ನನಗೆ ತಿಳಿಯದು ಎಂದು ಬಹಿರಂಗವಾಗಿ ಹೇಳುತ್ತಿದ್ದವನು. ಸ್ಕೋಪ್ಸ್ ಎಂಬ ಹುಡುಗ ತನ್ನ ಮೊಕದ್ದಮೆಯಲ್ಲಿ ತಾನೇ ಮೂಲೆಗೆ ಸರಿದ. ವಿಚಾರಣೆಯುದ್ದಕ್ಕೂ ಆತ ಸಾಕ್ಷಿಕಟ್ಟೆ ಹತ್ತಲೇ ಇಲ್ಲ.

ಬ್ರಯನ್‌ನನ್ನು ಬರೀ ಮೂಢನಂಬಿಕೆಯವನು ಎಂದು ತಳ್ಳಿಹಾಕುವುದು ಸುಲಭ. ಆದರೆ ಹೆಂಗಸರಿಗೆ ಮತ, ಶ್ರೀಮಂತರಿಗೆ ಆದಾಯ ತೆರಿಗೆ ಎಂದೆಲ್ಲ ಹೋರಾಡಿದವನು ಅವನೇ. ಅಮೆರಿಕ ಮಹಾಯುದ್ಧದ ಕಡೆಗೆ ವಾಲುತ್ತಿದೆ ಎಂದು 1915ರಲ್ಲಿ ಮಂತ್ರಿಗಿರಿ ಬಿಟ್ಟವನು. 1906ರಲ್ಲಿ ಇಂಡಿಯಾಕ್ಕೂ ಬಂದು, ಬ್ರಿಟಿಷರ ಆಳ್ವಿಕೆಯನ್ನು ಖಾರವಾಗಿ ಟೀಕಿಸಿ ಬರೆದ, ಆ ಬರಹವನ್ನು ನಮ್ಮ ರಾಷ್ಟ್ರೀಯವಾದಿಗಳು ಹಂಚಿ ಓದಿದರು. ಬಲಶಾಲಿಯೇ ಉಳಿಯಬೇಕು ಎಂಬ ಮಾತನ್ನು ಸಮಾಜಕ್ಕೆ ಹಚ್ಚಿದರೆ ಬಡವರ ಗತಿಯೇನು ಎನ್ನುವುದು ಅವನ ಭಯ. ಆ ಭಯ ಪೂರ್ತಿ ಹುಸಿಯಲ್ಲ. ಎಲ್ಲರೂ ವಿಜ್ಞಾನದ ಪತಾಕೆಯೆಂದು ಎತ್ತಿ ಹಿಡಿದ ಆ ಹಂಟರ್ ಪುಸ್ತಕವನ್ನು ತೆರೆದರೆ, ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ ಬಿಳಿಯರನ್ನು ಮೇಲೆ ಕೂರಿಸಿದ ಪುಟ ಸಿಗುತ್ತದೆ. ಬುದ್ಧಿಮಾಂದ್ಯರ ವಂಶ ಬೆಳೆಯದಂತೆ ತಡೆಯಬೇಕು ಎಂಬ ಪಾಠವೂ ಸಿಗುತ್ತದೆ. ಡೇಟನ್ನಿನ ಕೋರ್ಟಿನಲ್ಲಿ ಆ ಪುಟಗಳ ಬಗ್ಗೆ ಜಗಳ ನಡೆಯಲಿಲ್ಲ.

ಜುಲೈ 10, ಶುಕ್ರವಾರ, ವಿಚಾರಣೆ ಶುರು. ಆ ಹೊತ್ತಿಗೆ ಊರು ಜಾತ್ರೆಯಾಗಿತ್ತು. ಸುಮಾರು ಇನ್ನೂರು ಪತ್ರಕರ್ತರು ಬಂದಿಳಿದಿದ್ದರು. ಬೀದಿಯಲ್ಲಿ ಬೋಧಕರು, ಬೈಬಲ್ ಮಾರುವವರು, ಆಟಿಕೆಯ ಮಂಗ ಮಾರುವವರು. ರಾಬಿನ್ಸನ್ ತನ್ನ ಅಂಗಡಿಯ ಮೇಲೆ ‘ಇದು ಶುರುವಾದದ್ದು ಇಲ್ಲೇ’ ಎಂದು ಬ್ಯಾನರು ಕಟ್ಟಿದ. ಊರಲ್ಲಿ ಡಾರ್ವಿನ್ ಎಂಬ ಅಡ್ಡಹೆಸರಿನ ಒಬ್ಬ ಬಟ್ಟೆ ವ್ಯಾಪಾರಿ ಇದ್ದ, ಅವನು ಸುಮ್ಮನಿರುತ್ತಾನೆಯೇ? ‘ಡಾರ್ವಿನ್ ಸರಿಯಾಗಿಯೇ ಇದ್ದಾನೆ’ ಎಂದು ದೊಡ್ಡಕ್ಷರದಲ್ಲಿ ಬರೆಸಿ, ಕೆಳಗೆ ಸಣ್ಣದಾಗಿ ‘ಒಳಗೆ’ ಎಂದು ಸೇರಿಸಿದ. ಕೋತಿಯೂ ಬಂತು. ಜೋ ಮೆಂಡಿ ಎಂಬ ಚಿಂಪಾಂಜಿ, ಕೋಟು ತೊಟ್ಟು, ಟೋಪಿ ಹಾಕಿಕೊಂಡು, ರಾಬಿನ್ಸನ್ ಅಂಗಡಿಯಲ್ಲಿ ಕೂತು ಕೋಲಾ ಕುಡಿಯಿತು.

ಅಕ್ಕನ ಮಗ ಬಿದ್ದು ಬಿದ್ದು ನಕ್ಕ. ಅವನ ಪಾಲಿಗೆ ಕಥೆ ಮುಗಿದಂತೆ, ಆದರೂ ಎದ್ದು ಹೋಗಲಿಲ್ಲ.

ಕೋರ್ಟಿನ ಹಾಲ್ ಇರುವುದು ಎರಡನೆಯ ಅಂತಸ್ತಿನಲ್ಲಿ. ನಾವು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಎತ್ತರದ ಕಿಟಕಿಗಳು, ಮರದ ನೆಲ, ತುಳಿದರೆ ಕಿರ್ ಅನ್ನುವ ಹಲಗೆ, ನಡುವೆ ಕಟಕಟೆ, ಹಿಂದೆ ಸಾಲು ಸಾಲು ಮರದ ಕುರ್ಚಿ. ಇಷ್ಟು ದೊಡ್ಡ ಹಾಲ್ ಇಷ್ಟು ಸಣ್ಣ ಊರಿಗೆ ಯಾಕೆ ಬೇಕಿತ್ತು ಎಂದು ಭಾವ ಕೇಳಿದರು. ಕುಲುಮೆಗಳು ಉರಿಯುತ್ತಿದ್ದ ಕಾಲದ ಲೆಕ್ಕಾಚಾರ ಅದು, ಊರು ಇನ್ನೂ ಬೆಳೆಯುತ್ತದೆ ಎಂದು ಕಟ್ಟಿದ್ದು. 1925ರಲ್ಲಿ ಆ ಲೆಕ್ಕ ಮೊದಲ ಸಲ ಸರಿಹೋಯಿತು. ಕುರ್ಚಿಗಳೆಲ್ಲ ತುಂಬಿ, ಎಷ್ಟೋ ಜನ ಗೋಡೆಗೆ ಒರಗಿ ನಿಂತಿದ್ದರು. ಷಿಕಾಗೋದ ಡಬ್ಲ್ಯುಜಿಎನ್ ರೇಡಿಯೋ ಕೇಂದ್ರ ದೂರವಾಣಿ ತಂತಿಯನ್ನು ಬಾಡಿಗೆಗೆ ಹಿಡಿದು, ಹಾಲಿನೊಳಗೆ ಮೈಕುಗಳನ್ನಿಟ್ಟು ವಿಚಾರಣೆಯನ್ನು ನೇರವಾಗಿ ಬಿತ್ತರಿಸಿತು. ಅಮೆರಿಕದಲ್ಲಿ ಕೋರ್ಟಿನ ವಿಚಾರಣೆ ರೇಡಿಯೋದಲ್ಲಿ ಬಂದದ್ದು ಅದೇ ಮೊದಲು. ಸೆಖೆಯೋ ಹೇಳತೀರದು. ಬ್ರಯನ್ ಕೋಟು ಕಳಚಿ, ಅಂಗಿಯ ತೋಳು ಮಡಚಿ, ತಾಳೆಗರಿಯ ಬೀಸಣಿಗೆ ಬೀಸಿಕೊಳ್ಳುತ್ತಿರುವ ಫೋಟೋ ಕೆಳಗಿನ ಮ್ಯೂಸಿಯಂನಲ್ಲಿದೆ.

ಮೊದಲ ದಿನಗಳು ವಕೀಲರ ತಾಂತ್ರಿಕ ಜಗ್ಗಾಟ. ಸಾಕ್ಷಿಗಳ ಪೈಕಿ ಇಬ್ಬರು ಹುಡುಗರು ನನಗೆ ಇಷ್ಟ. ಸ್ಕೋಪ್ಸ್ ಮೇಷ್ಟ್ರು ಹೇಳಿದ್ದನ್ನು ಸಣ್ಣವನು ಪಾಠ ಒಪ್ಪಿಸಿದಂತೆ ಒಪ್ಪಿಸಿದ. ಅದರಿಂದ ನಿನಗೇನಾದರೂ ತೊಂದರೆಯಾಯಿತೇ ಎಂದು ಡ್ಯಾರೋ ಕೇಳಿದಾಗ, ಇಲ್ಲ ಸಾರ್ ಅಂದ. ದೊಡ್ಡವನನ್ನು, ಜೀವವೆಲ್ಲ ಒಂದೇ ಕಣದಿಂದ ಬಂದದ್ದು ಎಂದು ಕೇಳಿದ ಮೇಲೆ ಚರ್ಚಿಗೆ ಹೋಗುವುದು ಬಿಟ್ಟೆಯಾ ಎಂದು ಕೇಳಿದ. ಇಲ್ಲ ಸಾರ್. ಇಷ್ಟರಲ್ಲೇ ಮುಗಿಯಬಹುದಾಗಿತ್ತು. ವಿಜ್ಞಾನಿಗಳನ್ನು ಸಾಕ್ಷಿಯಾಗಿ ಕರೆತಂದಿದ್ದರು, ಜ್ಯೂರಿಯ ಮುಂದೆ ಅವರ ಮಾತು ಬೇಡ ಎಂದರು ನ್ಯಾಯಾಧೀಶ ರಾಲ್ಸ್ಟನ್. ಕಾಯ್ದೆ ಮುರಿದನೇ ಇಲ್ಲವೇ ಎನ್ನುವುದಷ್ಟೇ ಪ್ರಶ್ನೆ, ಕಾಯ್ದೆ ಸರಿಯೇ ಎನ್ನುವುದಲ್ಲ. ಆಟ ಮುಗಿಯಿತು ಎಂದುಕೊಂಡು ಬಹಳ ಪತ್ರಕರ್ತರು ಹೊರಟರು. ಅವರಲ್ಲಿ ಬಾಲ್ಟಿಮೋರಿನ ಎಚ್. ಎಲ್. ಮೆಂಕೆನ್ ಕೂಡ ಒಬ್ಬ. ಊರು ಕೊಳಕಾಗಿರುತ್ತದೆ ಎಂದುಕೊಂಡು ಬಂದವನು, ಚೆಂದವಾಗಿದೆ ಎಂದು ಒಪ್ಪಿಕೊಂಡೂ ಊರವರನ್ನು ಹೀಗಳೆದು ಹೀಗಳೆದು ಬರೆದ. ಇಂದಿಗೂ ಡೇಟನ್ ಎಂದರೆ ಜನಕ್ಕೆ ನೆನಪಾಗುವ ಚಿತ್ರ ಅರ್ಧಕ್ಕರ್ಧ ಅವನದೇ. ಅಂಥವನು, ಅಸಲಿ ದಿನ ಊರಲ್ಲೇ ಇರಲಿಲ್ಲ!

ಅಸಲಿ ದಿನ ಜುಲೈ 20, ಸೋಮವಾರ. ಇಷ್ಟು ಜನರ ಭಾರಕ್ಕೆ ಹಾಲಿನ ನೆಲ ಕುಸಿದೀತು ಎಂಬ ಹೆದರಿಕೆ, ಜೊತೆಗೆ ಸೆಖೆ. ನ್ಯಾಯಾಧೀಶರು ಮಧ್ಯಾಹ್ನ ಕೋರ್ಟನ್ನೇ ಹೊರಗೆ ಹುಲ್ಲುಹಾಸಿನ ಮೇಲೆ ತಂದರು. ಭಾಷಣಕ್ಕೆಂದು ಕಟ್ಟಿದ್ದ ಮರದ ವೇದಿಕೆ, ಸುತ್ತ ಸಾವಿರಾರು ಜನ. ಕಟ್ಟಡಕ್ಕೆ ‘ನಿಮ್ಮ ಬೈಬಲ್ ಓದಿರಿ’ ಎಂಬ ದೊಡ್ಡ ಫಲಕ ಹಾಕಿದ್ದರು, ಜ್ಯೂರಿಗೆ ಎದುರಾಗುತ್ತದೆ ಎಂದು ಡ್ಯಾರೋ ತಕರಾರು ತೆಗೆದು ಅದನ್ನು ಇಳಿಸುವಂತೆ ಮಾಡಿದ. ಆಮೇಲೆ ಅವನ ಕಡೆಯವರು ಯಾರೂ ಕೇಳದ ಬೇಡಿಕೆಯೊಂದನ್ನು ಮುಂದಿಟ್ಟರು. ಎದುರು ಪಕ್ಷದ ವಕೀಲನನ್ನೇ, ಬೈಬಲ್ ಪಂಡಿತನೆಂದು, ಸಾಕ್ಷಿಯಾಗಿ ಕರೆದರು. ಬ್ರಯನ್ ಬೇಡ ಅನ್ನಬಹುದಾಗಿತ್ತು. ಅನ್ನಲಿಲ್ಲ. ಒಪ್ಪಿದ ಆ ಗಳಿಗೆಯಲ್ಲಿ ಅವನ ಧೈರ್ಯವೂ ಇದೆ, ಅಹಂಕಾರವೂ ಇದೆ.

ಡ್ಯಾರೋನ ಪ್ರಶ್ನೆ, ಬ್ರಯನ್‌ನ ಉತ್ತರ, ಸುಮಾರು ಎರಡು ಗಂಟೆ ನಡೆಯಿತು. ಯೋನನನ್ನು ತಿಮಿಂಗಿಲ ನುಂಗಿತು ಎಂದು ನಂಬುತ್ತೀರಾ? ಬೈಬಲ್ ಹೇಳುವುದು ದೊಡ್ಡ ಮೀನು ಎಂದು, ಮೀನನ್ನೂ ಮನುಷ್ಯನನ್ನೂ ಮಾಡಿದ ದೇವರು ತನಗೆ ಬೇಕಾದಂತೆ ನಡೆಸಬಲ್ಲ. ಯೆಹೋಶುವ ಸೂರ್ಯನನ್ನು ನಿಲ್ಲಿಸಿದ್ದು ನಿಜವೇ, ಭೂಮಿ ಗಕ್ಕನೆ ನಿಂತರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ? ಅದನ್ನು ದೇವರು ನೋಡಿಕೊಳ್ಳುತ್ತಿದ್ದ. ಜಲಪ್ರಳಯ ಯಾವ ಕಾಲದ್ದು? ನಾನು ಲೆಕ್ಕ ಹಾಕಿಲ್ಲ. ನಿಮಗೆ ಏನನ್ನಿಸುತ್ತದೆ? ನಾನು ಯೋಚಿಸದ ವಿಷಯಗಳ ಬಗ್ಗೆ ನಾನು ಯೋಚಿಸುವುದಿಲ್ಲ ಅಂದ ಬ್ರಯನ್. ಡ್ಯಾರೋ ಬಿಟ್ಟಾನೆಯೇ? ಹಾಗಾದರೆ ಯೋಚಿಸುವ ವಿಷಯಗಳ ಬಗ್ಗೆ ಯೋಚಿಸುತ್ತೀರಾ? “ಒಮ್ಮೊಮ್ಮೆ,” ಅಂದ ಬ್ರಯನ್. ಹುಲ್ಲಿನ ಮೇಲೆ ಕೂತ ಜನ, ಬ್ರಯನ್‌ನ ಕಡೆಯವರೇ, ಗೊಳ್ಳೆಂದು ನಕ್ಕರು. ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? ಅವಳನ್ನು ಹುಡುಕುವ ಕೆಲಸ ನಿಮ್ಮಂಥವರಿಗೇ ಬಿಟ್ಟಿದ್ದೇನೆ. ಇದು ಬ್ರಯನ್‌ನ ಚುರುಕು, ಸೋತವನ ಮಾತಲ್ಲ. ಹವ್ವಳಿಗೆ ಮೋಸ ಮಾಡಿದ ಹಾವು ಹೊಟ್ಟೆ ಎಳೆಯಬೇಕೆಂದು ಶಾಪವಾಯಿತಲ್ಲ, ಅದಕ್ಕೂ ಮೊದಲು ಬಾಲದ ಮೇಲೆ ನಡೆಯುತ್ತಿತ್ತೇ?

“ನಡೀತಿತ್ತಾ ಮಾಮ?” ಅಂದ ಚಿಕ್ಕವನು.

ತಿಳಿಯುವ ದಾರಿ ನನಗಿಲ್ಲ ಎಂದ ಬ್ರಯನ್. ಅವನನ್ನು ಕಟ್ಟಿಹಾಕಿದ ಪ್ರಶ್ನೆ ಇದ್ಯಾವುದೂ ಅಲ್ಲ. ಸೃಷ್ಟಿಯ ಆರು ದಿನಗಳು ಇಪ್ಪತ್ನಾಲ್ಕು ಗಂಟೆಯ ದಿನಗಳೇ ಎಂದು ಕೇಳಿದಾಗ, ಹಾಗೇನೂ ಇಲ್ಲ, ಅವು ದೀರ್ಘ ಯುಗಗಳಿರಬಹುದು ಎಂದು ಬಿಟ್ಟ. ಬೈಬಲ್‌ನ ಅಕ್ಷರ ಅಕ್ಷರವೂ ಹಾಗೆಯೇ ನಿಜ ಎಂದು ನಂಬಿ ಅವನ ಹಿಂದೆ ನಿಂತಿದ್ದವರು ಅಲ್ಲಿ ಎಷ್ಟೋ ಜನ. ಅವರ ಮುಂದಾಳೇ ಅಕ್ಷರಕ್ಕೆ ಅರ್ಥ ಹಚ್ಚತೊಡಗಿದರೆ, ಮೇಷ್ಟ್ರು ಮಾಡಿದ ತಪ್ಪೇನು? ಕೊನೆಕೊನೆಗೆ ಇಬ್ಬರೂ ಎದ್ದು ನಿಂತು ಕೈ ತೋರಿಸಿಕೊಂಡು ಕೂಗಾಡುವ ಮಟ್ಟಕ್ಕೆ ಬಂದಾಗ ನ್ಯಾಯಾಧೀಶರು ಕಲಾಪವನ್ನು ನಾಳೆಗೆ ಹಾಕಿ ಎದ್ದರು. ಇಷ್ಟೆಲ್ಲ ನಡೆದಾಗ ಜ್ಯೂರಿಯ ಹನ್ನೆರಡು ಜನ ಅಲ್ಲಿರಲಿಲ್ಲ! ಎಲ್ಲರಿಗಿಂತ ಒಳ್ಳೆಯ ಜಾಗ ಸಿಕ್ಕಿತೆಂದು ಹಿಗ್ಗಿದ್ದವರನ್ನು, ಸ್ವಾರಸ್ಯವಾದದ್ದು ಶುರುವಾದಾಗಲೆಲ್ಲ ಹೊರಗೆ ಕಳಿಸುತ್ತಿದ್ದರು.

ಮರುದಿನ ಆ ಸಾಕ್ಷ್ಯವನ್ನು ದಾಖಲೆಯಿಂದ ತೆಗೆದುಹಾಕಿದರು. ತನ್ನ ಕಕ್ಷಿದಾರನನ್ನು ಅಪರಾಧಿ ಎಂದೇ ತೀರ್ಮಾನಿಸಿ ಎಂದು ಡ್ಯಾರೋ ಸ್ವತಃ ಕೇಳಿಕೊಂಡ, ಮೇಲಿನ ಕೋರ್ಟಿಗೆ ಹೋಗಲು ಅದೇ ದಾರಿ. ಅದರಿಂದ ಇನ್ನೊಂದು ಲಾಭವೂ ಆಯಿತು, ಬ್ರಯನ್ ವಾರಗಟ್ಟಲೆ ತಿದ್ದಿ ತೀಡಿದ ಸಮಾಪ್ತಿಯ ಭಾಷಣಕ್ಕೆ ಅವಕಾಶ ತಪ್ಪಿತು. ಜ್ಯೂರಿಗೆ ಒಂಬತ್ತು ನಿಮಿಷ ಸಾಕಾಯಿತು. 100 ಡಾಲರ್ ದಂಡ. ಆಗ ಮಾತ್ರ ಸ್ಕೋಪ್ಸ್ ಎದ್ದು ನಿಂತು, ಅನ್ಯಾಯದ ಕಾಯ್ದೆಯೊಂದನ್ನು ಮುರಿದದ್ದಕ್ಕೆ ನನಗೆ ಶಿಕ್ಷೆಯಾಗಿದೆ, ಮುಂದೆಯೂ ಅದನ್ನು ವಿರೋಧಿಸುತ್ತೇನೆ ಎಂಬರ್ಥದ ನಾಲ್ಕು ಮಾತಾಡಿದ. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು, ಅದೂ ಎಂಥ ಕಾರಣಕ್ಕೆ! 50 ಡಾಲರ್‌ಗಿಂತ ಹೆಚ್ಚಿನ ದಂಡವನ್ನು ಜ್ಯೂರಿಯೇ ವಿಧಿಸಬೇಕು, ನ್ಯಾಯಾಧೀಶರು ವಿಧಿಸಿದ್ದು ತಪ್ಪು ಎಂದು. ಕಾಯ್ದೆಯ ಕೂದಲೂ ಕೊಂಕಲಿಲ್ಲ. ಅದು ಹೋದದ್ದು 1967ರಲ್ಲಿ.

“ಬ್ರಯನ್ ಕೋರ್ಟಲ್ಲೇ ಕುಸಿದು ಸಾಯ್ತಾನಲ್ಲ?” ಅಂದಳು ಅಕ್ಕನ ಮಗಳು. ಅದೂ ಸಿನಿಮಾ. ಆತ ಸತ್ತದ್ದು ಐದು ದಿನದ ಮೇಲೆ, ಜುಲೈ 26ರ ಭಾನುವಾರ, ಡೇಟನ್ನಿನಲ್ಲೇ, ಊಟ ಮಾಡಿ ಮಲಗಿದವನು ಏಳಲಿಲ್ಲ. ಅವನ ನೆನಪಿಗೆ 1930ರಲ್ಲಿ ಊರಿನ ಗುಡ್ಡದ ಮೇಲೆ ಶುರುವಾದ ಬ್ರಯನ್ ಕಾಲೇಜು ಈಗಲೂ ನಡೆಯುತ್ತಿದೆ. ಸ್ಕೋಪ್ಸ್ ಮೇಷ್ಟ್ರ ಕೆಲಸಕ್ಕೆ ಮರಳಲಿಲ್ಲ. ವಿಜ್ಞಾನಿಗಳು ಕೂಡಿಸಿಕೊಟ್ಟ ಹಣದಲ್ಲಿ ಷಿಕಾಗೋದಲ್ಲಿ ಭೂವಿಜ್ಞಾನ ಓದಿ, ಎಣ್ಣೆ, ಅನಿಲದ ಕಂಪನಿಗಳಲ್ಲಿ ದುಡಿದು, ಆದಷ್ಟು ಮಟ್ಟಿಗೆ ಪೇಪರಿನವರಿಂದ ತಪ್ಪಿಸಿಕೊಂಡು ಬದುಕಿದ. 1960ರಲ್ಲಿ ಸಿನಿಮಾವನ್ನು ಡೇಟನ್ನಿನಲ್ಲಿ ತೋರಿಸಿದಾಗ ಬಂದಿದ್ದ, ಊರು ಅವನನ್ನು ಸನ್ಮಾನಿಸಿತು. ತಮ್ಮನ್ನೇ ಹೀಯಾಳಿಸುವ ಸಿನಿಮಾವನ್ನು ತಮ್ಮೂರಿನಲ್ಲೇ ತೋರಿಸಿ ಸನ್ಮಾನ ಇಟ್ಟುಕೊಳ್ಳುವ ಗಟ್ಟಿತನಕ್ಕೆ ಏನೆನ್ನಬೇಕೋ. ಅಂಗಡಿಯವರ ಊರು, ಬಿಡಿ.

ಅಂಗಡಿಯವರ ಆಸೆ ಏನಾಯಿತು? ಅಂದುಕೊಂಡಷ್ಟು ಜನ ಬರಲಿಲ್ಲ, ಕಾರ್ಖಾನೆಯೂ ಆಗ ಬರಲಿಲ್ಲ. ಈಗ ಊರಲ್ಲಿ ಏಳು ಸಾವಿರ ಜನ, ಸೋಫಾ, ಒರಗುಕುರ್ಚಿ ಮಾಡುವ ಲೇಜಿಬಾಯ್ ಕಂಪನಿಯ ದೊಡ್ಡ ಕಾರ್ಖಾನೆ, ಮೇ ತಿಂಗಳಲ್ಲಿ ಸ್ಟ್ರಾಬೆರಿ ಹಬ್ಬ. ಕೋರ್ಟು ಕಟ್ಟಡ 1976ರಿಂದ ರಾಷ್ಟ್ರೀಯ ಸ್ಮಾರಕ, ಅದರ ನೆಲಮಾಳಿಗೆಯಲ್ಲಿ ಮ್ಯೂಸಿಯಂ. ಆ ಸೋಡಾ ಅಂಗಡಿಯ ಮೇಜನ್ನು ಉಳಿಸಿಟ್ಟಿದ್ದಾರೆ, ನಾಲ್ಕು ಜನ ಮೊಣಕೈ ಊರಿದರೆ ತುಂಬಿಹೋಗುವಷ್ಟು ಪುಟ್ಟದು. ಹೊರಗೆ ಹುಲ್ಲುಹಾಸಿನ ಮೇಲೆ 2005ರಲ್ಲಿ ಬ್ರಯನ್ ಪ್ರತಿಮೆ ನಿಂತಿತು. ಡ್ಯಾರೋ ಪ್ರತಿಮೆಗೆ 2017ರವರೆಗೆ ಕಾಯಬೇಕಾಯಿತು, ಅದು ಬೇಡವೆಂದವರೂ ಇದ್ದರು. ಈಗ ಇಬ್ಬರೂ ಒಂದೇ ಅಂಗಳದಲ್ಲಿದ್ದಾರೆ. ಪ್ರತಿ ಜುಲೈನಲ್ಲಿ ಅದೇ ಹಾಲಿನಲ್ಲಿ ವಿಚಾರಣೆಯ ನಾಟಕ ಆಡುತ್ತಾರೆ.

ಹಾಗೆಂದು ಎಲ್ಲ ಮುಗಿದುಹೋದ ಕಥೆ ಎಂದುಕೊಳ್ಳಬೇಡಿ. ಇದೇ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಬ್ರಯನ್ ಕಾಲೇಜಿನ ವಿದ್ಯಾರ್ಥಿಗಳು ಬಂದು ಐವತ್ತು ವರ್ಷ ಬೈಬಲ್ ಪಾಠ ಹೇಳುತ್ತಿದ್ದರು. ಅದು ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್ ಕೋರ್ಟು ಹೇಳಿದ್ದು 2002ರಲ್ಲಿ, ಮೇಲ್ಮನವಿಯಲ್ಲೂ ಅದೇ ತೀರ್ಪು ನಿಂತಿತು. ನಮ್ಮಲ್ಲಿ ಇಂಥ ರಗಳೆ ಇಲ್ಲವಲ್ಲ ಎಂದರು ಭಾವ, ಕೊರಡನ್ನು ಬೆಂಕಿಗೆ ನೂಕುತ್ತ. 2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸವಾದದ ಭಾಗವನ್ನು ಕೈಬಿಟ್ಟದ್ದನ್ನೂ, ವಿಜ್ಞಾನಿಗಳು ಬಹಿರಂಗ ಪತ್ರ ಬರೆದದ್ದನ್ನೂ ನೆನಪಿಸಿದೆ. ಅದಕ್ಕೆ ಪಠ್ಯದ ಹೊರೆ ಇಳಿಸಿದ್ದು ಎಂಬ ವಿವರಣೆಯನ್ನು ಎನ್‌ಸಿಇಆರ್‌ಟಿ ಕೊಟ್ಟಿತು. ಡೇಟನ್ನಿನವರು ಕನಿಷ್ಠ ಜಗಳವನ್ನಾದರೂ ಬಯಲಲ್ಲಿ ಆಡಿದರು.

ಅಕ್ಕನ ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸಿನಿಮಾ ನೋಡಿ, ಚೆನ್ನಾಗಿದೆ, ಆದರೆ ಅದನ್ನೇ ನಂಬಬೇಡಿ. ವಿಚಾರಣೆಯ ನಡಾವಳಿ ಅದೇ 1925ರಲ್ಲಿ ಪುಸ್ತಕವಾಗಿ ಬಂದಿದೆ, ಹುಡುಕಿದರೆ ಸಿಗುತ್ತದೆ. ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೆ ಮೊದಲ ಆರು ದಿನ ಬಿಟ್ಟು, ಏಳನೆಯ ದಿನದ ಮಧ್ಯಾಹ್ನದಿಂದ ಶುರುಮಾಡಿ.